ಓಡಿಹೋದವರಿಗೊಂದು ಬಹುಮಾನ

ಯುದ್ಧದ ಪುಸ್ತಕ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಅದರಲ್ಲಿ ಊಟ ಎಷ್ಟು ಹೊತ್ತಿಗೆ ಎಂಬುದನ್ನು. ಹದಿನಾಲ್ಕು ವರ್ಷಗಳಿಂದ ಇಂಥ ಪುಸ್ತಕಗಳಿಗೆ ಬಹುಮಾನ ಕೊಡುವ ಮೂವರಲ್ಲಿ ಒಬ್ಬಳಾಗಿದ್ದೇನೆ. ಉಳಿದಿಬ್ಬರಿಗೆ ಇದನ್ನು ಈವರೆಗೆ ಹೇಳಿಲ್ಲ. ಅವರು ಆಧಾರ, ಅಡಿಟಿಪ್ಪಣಿ, ನಕ್ಷೆ ಎಂದು ಗಂಭೀರವಾಗಿ ಚರ್ಚಿಸುವಾಗ ನಾನೂ ತಲೆಯಾಡಿಸುತ್ತೇನೆ. ಮನಸ್ಸಿನೊಳಗೆ ಮಾತ್ರ, ನಾನೂರು ಪುಟಗಳ ಉದ್ದಕ್ಕೂ ಒಂದು ಸೇನೆ ಮೂರು ನದಿ ದಾಟಿತಲ್ಲ, ಒಬ್ಬನಾದರೂ ಒದ್ದೆ ಕಾಲುಚೀಲ ಒಣಗಿಸಿದನೇ ಎಂದು ನೋಡುತ್ತಿರುತ್ತೇನೆ. ದುಡಿಯುವ ವಯಸ್ಸನ್ನೆಲ್ಲ ಆಸ್ಪತ್ರೆಯಲ್ಲಿ ನರ್ಸಾಗಿ, ಕಡೆಗೆ ಮೇಟ್ರನ್ ಆಗಿ ಕಳೆದವಳ ಕಣ್ಣು ಇಂಥಲ್ಲೇ ಹೋಗುತ್ತದೆ. ಸೇನಾಪತಿ ಏನು ಯೋಚಿಸಿದ ಎಂಬುದಕ್ಕೆ ಹತ್ತು ಪುಟ ಕೊಡುವ ಲೇಖಕರು, ಅವನ ಹಾಸಿಗೆಯ ಮೇಲುಹಾಸನ್ನು ಬದಲಿಸಿದವರು ಯಾರು ಎಂಬುದಕ್ಕೆ ಅರ್ಧ ಸಾಲನ್ನೂ ಕೊಡುವುದಿಲ್ಲ.

ಓದುವುದಕ್ಕೂ ನನ್ನದೊಂದು ಕ್ರಮವಿದೆ. ನಾಲ್ಕೂಮುಕ್ಕಾಲಿಗೆ ಏಳುತ್ತೇನೆ. ಸ್ನಾನ, ಲಿಂಗಪೂಜೆ, ಐದೂಮುಕ್ಕಾಲಿಗೆ ಕಾಫಿ. ಆರರಿಂದ ಏಳರವರೆಗೆ ಯುದ್ಧ. ಏಳಕ್ಕೆ ಮದರಾಸಿನ ವಡಪಳನಿಯ ನಮ್ಮ ಬೀದಿಗೆ ಹೂವಿನವಳು ಬರುತ್ತಾಳೆ, ಅಷ್ಟರಲ್ಲಿ ಯುದ್ಧ ಮುಗಿದಿರಬೇಕು. ಮುಗಿಯದಿದ್ದರೆ ಎಲ್ಲಿದೆಯೋ ಅಲ್ಲಿಗೆ ಗುರುತಿಟ್ಟು ಮುಚ್ಚುತ್ತೇನೆ. ಒಮ್ಮೆ ಒಂದು ಸೇತುವೆಯ ಕೆಳಗೆ ಮದ್ದು ಇಟ್ಟು ಬತ್ತಿಗೆ ಬೆಂಕಿ ಹಚ್ಚುವ ಹೊತ್ತಿಗೆ ಏಳು ಬಡಿಯಿತು. ಆ ಸೇತುವೆ ನನ್ನ ಮೇಜಿನ ಮೇಲೆ ಮರುದಿನ ಆರರವರೆಗೂ ಗಟ್ಟಿಯಾಗಿ ನಿಂತಿತ್ತು. ಒಳ್ಳೆಯ ಪುಸ್ತಕವಾದರೆ ಕಾಯುತ್ತದೆ ಎಂಬುದು ನನ್ನ ನಂಬಿಕೆ. ಬೆಂಕಿಯೂ ಕಾಯುತ್ತದೆ ಎಂದು ಅಂದು ತಿಳಿಯಿತು.

ಈ ಶಿಸ್ತನ್ನು ನನಗೆ ಕಲಿಸಿದ್ದು ಆಸ್ಪತ್ರೆಯಲ್ಲ, ನಮ್ಮ ಅಜ್ಜ ವೀರಭದ್ರಪ್ಪ. ಆ ಬಹುಮಾನ ಇರುವುದೂ ಅವನ ಹೆಸರಿನಲ್ಲೇ. ಅಜ್ಜ ಬ್ಯಾಡಗಿಯಿಂದ ಮದರಾಸಿಗೆ ಬಂದು ಜಾರ್ಜ್ ಟೌನಿನಲ್ಲಿ ಮೆಣಸಿನಕಾಯಿ ಮಂಡಿ ಇಟ್ಟವನು. ಎರಡನೆಯ ಮಹಾಯುದ್ಧದಲ್ಲಿ, ನಲವತ್ತೆರಡರ ಬೇಸಿಗೆಯಲ್ಲಿ, ಜಪಾನಿನವರು ಸಮುದ್ರದ ಕಡೆಯಿಂದ ಬಂದೇ ಬಿಟ್ಟರು ಎಂದು ಇಡೀ ಮದರಾಸು ಗಂಟುಮೂಟೆ ಕಟ್ಟಿಕೊಂಡು ಓಡಿತು. ಓಡದೆ ಉಳಿದವನು ನಮ್ಮ ಅಜ್ಜ. ಆ ದಿನಗಳಲ್ಲೂ ಬೆಳಿಗ್ಗೆ ಆರಕ್ಕೆ ಸರಿಯಾಗಿ ಅವನು ಮಂಡಿಯ ಬಾಗಿಲು ತೆಗೆದ, ಗಾದಿಯ ಮೇಲೆ ಕೂತ, ಒಬ್ಬ ಗಿರಾಕಿಯೂ ಬರದಿದ್ದರೂ ಸಂಜೆ ಆರಕ್ಕೇ ಎದ್ದ. ನಮ್ಮ ಮನೆಯಲ್ಲಿ ಈ ಕಥೆಯನ್ನು ಹಾಲಿನ ಜೊತೆ ಕುಡಿಸುತ್ತಿದ್ದರು. ಹಲ್ಲುಜ್ಜಲು ತಡವಾದರೆ ಅಪ್ಪ ಕೇಳುತ್ತಿದ್ದ, "ಬಾಂಬು ಬೀಳೂವಾಗ ನಿಮ್ಮಜ್ಜ ಆರಕ್ಕ ಅಂಗಡಿ ತಗದಿದ್ದ, ನಿನಗೇನಾಗೇದ?" ಆ ಬೇಸಿಗೆಯಲ್ಲಿ ಮದರಾಸಿನ ಮೇಲೆ ಬಾಂಬು ಬೀಳಲೇ ಇಲ್ಲ ಎಂಬ ಸಣ್ಣ ಸಂಗತಿ ನಮ್ಮ ಹಲ್ಲುಜ್ಜುವಿಕೆಗೆ ಎಂದೂ ಅಡ್ಡ ಬರಲಿಲ್ಲ.

ಅಪ್ಪ ತನ್ನ ಕೊನೆಗಾಲದಲ್ಲಿ ನಮ್ಮ ಕನ್ನಡ ಬಳಗಕ್ಕೆ ಹೇಳಿ ಈ ಬಹುಮಾನ ಇಡಿಸಿದ. ಯುದ್ಧಕಾಲದ ಬಗ್ಗೆ ಕನ್ನಡದಲ್ಲಿ ಬಂದ, ಕಲ್ಪನೆಯಲ್ಲದ ಪುಸ್ತಕಕ್ಕೆ ಕೊಡಬೇಕು. 'ಕಲ್ಪನೆಯಲ್ಲದ' ಎಂಬ ಮಾತನ್ನು ಅಪ್ಪನೇ ಎರಡು ಸಲ ಗೆರೆ ಎಳೆದು ಬರೆಸಿದ್ದ. ಮೂವರು ತೀರ್ಪುಗಾರರು, ಒಬ್ಬರು ನಮ್ಮ ಮನೆಯವರೇ ಇರಬೇಕು, ಮೂವರೂ ಒಪ್ಪಿದರೆ ಮಾತ್ರ ಬಹುಮಾನ. ಸಮಾರಂಭದ ದಿನ ಮನೆಯವರೇ ಬಿನ್ನವತ್ತಳೆ ಓದಬೇಕು, ಅದರ ಮೊದಲ ವಾಕ್ಯ ಪ್ರತಿ ವರ್ಷವೂ ಒಂದೇ: ಊರೆಲ್ಲ ಬಿಟ್ಟುಹೋದಾಗ ಕದಲದೆ ನಿಂತ ವೀರಭದ್ರಪ್ಪನವರ ನೆನಪಿನಲ್ಲಿ. ಆ ವಾಕ್ಯವನ್ನು ನಾನು ಹದಿಮೂರು ಸಲ ಓದಿದ್ದೇನೆ. ಪ್ರತಿ ಸಲವೂ ನನ್ನ ಬೆನ್ನು ತಾನೇ ನೆಟ್ಟಗಾಗುತ್ತಿತ್ತು.

ಯುದ್ಧದ ಬಹುಮಾನ ನಮ್ಮ ನಾಡಿಗೆ ಹೊಸದೇನಲ್ಲ. ವೀರಗಲ್ಲು ಎಂದರೆ ಮತ್ತೇನು? ಹಾವೇರಿ ಕಡೆ ನೆಂಟರ ಮನೆಗೆ ಹೋದಾಗಲೆಲ್ಲ ನಾನು ಅವುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೆಳಗಿನ ಪಟ್ಟಿಯಲ್ಲಿ ವೀರ ಕಾದುತ್ತಿರುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ, ಮೇಲಿನದರಲ್ಲಿ ಅವನು ಶಿವಲಿಂಗದ ಪಕ್ಕ ಅಚ್ಚುಕಟ್ಟಾಗಿ ಕೂತಿರುತ್ತಾನೆ. ಆ ಬಹುಮಾನಕ್ಕೆ ಮೂರು ಪ್ರತಿ ಕಳಿಸಬೇಕಿರಲಿಲ್ಲ. ತೀರ್ಪುಗಾರರ ಮೇಲೆ ಯಾರೂ ಗೊಣಗುತ್ತಿರಲಿಲ್ಲ. ಪಡೆದವನು ಮೈಕು ಹಿಡಿದು ನಲವತ್ತು ನಿಮಿಷ ಮಾತಾಡುವ ಭಯವೂ ಇರಲಿಲ್ಲ, ಏಕೆಂದರೆ ಪಡೆಯಲು ಇದ್ದ ಅರ್ಹತೆ ಒಂದೇ, ಸತ್ತಿರಬೇಕು. ಈ ವ್ಯವಸ್ಥೆಯನ್ನು ಬಿಟ್ಟುಕೊಟ್ಟದ್ದು ನಮ್ಮ ಸಾಂಸ್ಕೃತಿಕ ಜೀವನಕ್ಕೆ ನಷ್ಟವೇ ಎಂದು ಕೆಲವು ಸಮಾರಂಭಗಳಲ್ಲಿ ಕೂತಾಗ ಅನ್ನಿಸಿದೆ. ಆದರೆ ಕಲ್ಲಿನ ಮುಂದೆ ನಿಂತಾಗ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಶಿಲ್ಪಿಯನ್ನು ಕರೆಸಿದವರು, ಕಲ್ಲನ್ನು ಗಾಡಿಯಲ್ಲಿ ತಂದು ನೆಟ್ಟವರು ಯಾರು? ಅಂದು ಹೇಗೋ ತಪ್ಪಿಸಿಕೊಂಡು ಬದುಕಿ ಮನೆಗೆ ಬಂದವರೇ ಇರಬೇಕು. ಅವರ ಬಗ್ಗೆ ಕಲ್ಲು ಒಂದಕ್ಷರ ಹೇಳುವುದಿಲ್ಲ.

ಇರಲಿ. ಈ ವರ್ಷ ಒಂಬತ್ತು ಪುಸ್ತಕ ಬಂದಿದ್ದವು. ನಾನು ಕಂಡುಕೊಂಡ ಒಂದು ನಿಯಮವಿದೆ: ಲೇಖಕರು ಯುದ್ಧದಿಂದ ಎಷ್ಟು ದೂರವೋ ಪುಸ್ತಕ ಅಷ್ಟು ದಪ್ಪ. ಮಣ್ಣಿನ ಹೊಂಡದಲ್ಲಿ ಮಲಗಿದ್ದ ಸೈನಿಕ ನೂರಿಪ್ಪತ್ತು ಪುಟದಲ್ಲಿ ಮುಗಿಸುತ್ತಾನೆ. ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಬರೆದವರಿಗೆ ಎಂಟುನೂರೂ ಸಾಲದು. ಒಂಬತ್ತರಲ್ಲಿ ಎಂಟು ಪುಸ್ತಕಗಳು ಹೀಗೆ ದಿಂಬಿನಷ್ಟು ದಪ್ಪ. ಒಂಬತ್ತನೆಯದು ತೆಳ್ಳಗೆ, ನಲವತ್ತೆರಡರ ಆ ಬೇಸಿಗೆಯಲ್ಲಿ ಮದರಾಸನ್ನು ಬಿಟ್ಟುಹೋದ ರೈಲುಗಳ ಬಗ್ಗೆ. ಬರೆದವರು ನಗರದಂಚಿನ ಮಾಧವರಂನಲ್ಲಿರುವ ಶ್ರೀನಿವಾಸಮೂರ್ತಿ, ರೈಲ್ವೆಯ ಹಳೆಯ ಕಾಗದಪತ್ರಗಳ ಕೋಣೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೊದಲ ಪುಟದಲ್ಲೇ ಊಟದ ಮಾತು ಬಂತು. ಯಾವ ನಿಲ್ದಾಣದಲ್ಲಿ ಮೊಸರನ್ನ ಸಿಗುತ್ತಿತ್ತು, ಎಲ್ಲಿ ಕುಡಿಯುವ ನೀರಿಗೆ ಜಗಳವಾಯಿತು, ಹೆರಿಗೆ ನೋವು ಬಂದವಳನ್ನು ಯಾವ ಕೋಣೆಯಲ್ಲಿ ಮಲಗಿಸಿದರು, ಎಲ್ಲವೂ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಂದು ಏಳಕ್ಕೆ ಪುಸ್ತಕ ಮುಚ್ಚಲು ಎರಡು ನಿಮಿಷ ತಡವಾಯಿತು.

ನಾಲ್ಕನೆಯ ದಿನ ಐದನೆಯ ಅಧ್ಯಾಯಕ್ಕೆ ಬಂದೆ. ಮೂರ್ತಿಯವರ ವಾದ ಹೀಗಿತ್ತು. ಅಧಿಕಾರಿಗಳ ವರದಿಗಳನ್ನೆಲ್ಲ ನೋಡಿದರೆ ಆ ಬೇಸಿಗೆಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದೇ ಇದೆ. ನಿಜವಾಗಿ ಏನಾಯಿತೆಂದು ಸಿಕ್ಕಿರುವ ನಂಬಿಕಸ್ತ ಸಾಕ್ಷಿ ಒಂದೇ: ರೈಲ್ವೆಗೆ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಬರೆದ ದೂರಿನ ಪತ್ರ. ಪುಟ ತಿರುಗಿಸಿದೆ. ಪತ್ರದ ಚಿತ್ರವಿತ್ತು. ಅಂಕಿಗಳಿಗೆಲ್ಲ ದುಂಡಗೆ ಸುತ್ತು ಹಾಕಿ, ಮುಖ್ಯ ಮಾತಿನ ಕೆಳಗೆ ಅಡಿಕೋಲಿಟ್ಟು ಗೆರೆ ಎಳೆದ ಇಂಗ್ಲಿಷ್ ಪತ್ರ. ಆ ಸುತ್ತುಗಳನ್ನು ನೋಡಿದ ಕೂಡಲೇ ಪುಸ್ತಕವನ್ನು ದೀಪದ ಹತ್ತಿರ ಹಿಡಿದೆ. ನನ್ನ ಬಾಲ್ಯದ ದಿನಚರಿಯ ಪಟ್ಟಿ ಅಡುಗೆಮನೆಯ ಬಾಗಿಲಿಗೆ ಅದೇ ಸುತ್ತುಗಳೊಂದಿಗೆ ಅಂಟಿರುತ್ತಿತ್ತು.

ಒಂದು: ರೈಲು ಸಕಾರಣವಿಲ್ಲದೆ ಐವತ್ತು ನಿಮಿಷ ತಡವಾಗಿ ಹೊರಟಿತು. ಎರಡು: ಅರಕ್ಕೋಣದಲ್ಲಿ ಕುಡಿಯುವ ನೀರಿರಲಿಲ್ಲ. ಮೂರು: ನಮ್ಮ ಬೋಗಿಯಲ್ಲಿ ಒಂದು ಆಡು ಪ್ರಯಾಣ ಮಾಡಿತು, ಅದಕ್ಕೆ ಟಿಕೇಟು ಇತ್ತೋ ಇಲ್ಲವೋ ವಿಚಾರಿಸುವವರಿರಲಿಲ್ಲ. ನಾಲ್ಕು: ಜೋಲಾರಪೇಟೆಯ ನಿಲ್ದಾಣದ ಗಡಿಯಾರ ಏಳು ನಿಮಿಷ ಹಿಂದಿತ್ತು, ಇದನ್ನು ನನ್ನ ಸ್ವಂತ ಗಡಿಯಾರದೊಂದಿಗೆ ಹೋಲಿಸಿ ದೃಢಪಡಿಸಿಕೊಂಡಿದ್ದೇನೆ. ಕಡೆಗೆ, ಮುಂದಿನ ಸಲ ಊರು ಬಿಡುವ ಸಂದರ್ಭ ಬಂದಾಗ ಇವೆಲ್ಲ ಮರುಕಳಿಸದಂತೆ ನೋಡಿಕೊಳ್ಳಬೇಕಾಗಿ ವಿನಂತಿ.

ಮೂರ್ತಿಯವರು ಹೆಸರು ಬರೆದಿರಲಿಲ್ಲ. ಆದರೆ ಚಿತ್ರದ ಕೆಳತುದಿಯಲ್ಲಿ ರುಜು ಸ್ಪಷ್ಟವಾಗಿತ್ತು. ವೀರಭದ್ರಪ್ಪ, ಮೆಣಸಿನಕಾಯಿ ವ್ಯಾಪಾರಿ, ಜಾರ್ಜ್ ಟೌನ್. ದಿನಾಂಕ ನೋಡಿದೆ. ಊರು ಬಿಡಿ ಎಂದು ಸರ್ಕಾರ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಅಜ್ಜ ಓಡಿದ್ದಷ್ಟೇ ಅಲ್ಲ, ಹೇಳುವ ಮೊದಲೇ ಓಡಿದ್ದ. ಆ ಶಿಸ್ತಿನ ಮನುಷ್ಯ ಎಂದೂ ಯಾವುದಕ್ಕೂ ತಡಮಾಡಿದವನಲ್ಲ.

ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಓಡಿಹೋಗಿ ಸುಮ್ಮನೆ ವಾಪಸು ಬರುತ್ತಿದ್ದರು, ಲೋಕಕ್ಕೆ ಸುಳಿವೇ ಸಿಗುತ್ತಿರಲಿಲ್ಲ. ಪ್ರಾಣ ಉಳಿಸಿಕೊಳ್ಳಲು ಹತ್ತಿದ ರೈಲು ತಡವಾಯಿತೆಂದು ದೂರು ಬರೆದು, ಅದಕ್ಕೆ ರುಜು ಹಾಕಿ, ವಿಳಾಸವನ್ನೂ ಕೊಟ್ಟು, ಸರ್ಕಾರಿ ಕಡತದಲ್ಲಿ ಎಂಬತ್ತು ವರ್ಷ ಭದ್ರವಾಗಿರುವಂತೆ ಮಾಡುವುದು ನಮ್ಮ ಮನೆತನದವರಿಗೆ ಮಾತ್ರ ಸಾಧ್ಯ. ನಾನೂ ಕಡಿಮೆಯವಳಲ್ಲ. ಮೆಟ್ರೋದ ಎಸ್ಕಲೇಟರು, ಬೀದಿಯ ದೀಪ, ಪಕ್ಕದ ಕಲ್ಯಾಣಮಂಟಪದ ನಾದಸ್ವರ, ಎಲ್ಲದರ ಬಗ್ಗೆಯೂ ಅಂಕಿ ಹಾಕಿ ದೂರು ಬರೆದಿದ್ದೇನೆ. ಇನ್ನೆಂಬತ್ತು ವರ್ಷಕ್ಕೆ ಯಾರ ಪುಸ್ತಕದಲ್ಲಿ ನಾನು ಏನಾಗಿ ಸಿಕ್ಕಿಬೀಳುತ್ತೇನೋ.

ಉಳಿದಿಬ್ಬರು ತೀರ್ಪುಗಾರರು ಇದೇ ಪುಸ್ತಕ ಎಂದು ಆಗಲೇ ತೀರ್ಮಾನಿಸಿ ಹಾಳೆ ಕಳಿಸಿದ್ದರು. ರುಜುವನ್ನು ಅವರು ಗಮನಿಸಿರಲಿಲ್ಲ. ನನ್ನ ಹೆಸರಿನ ಮುಂದಿನ ಜಾಗ ಖಾಲಿ ಇತ್ತು. ನಾನು ಒಪ್ಪದಿದ್ದರೆ ಮೂರ್ತಿಯವರಿಗೆ ಬಹುಮಾನ ಇಲ್ಲ, ಪುಸ್ತಕ ಮಾಧವರಂ ದಾಟುವುದಿಲ್ಲ, ಅಜ್ಜ ಕದಲದೆ ನಿಂತೇ ಇರುತ್ತಾನೆ. ಒಪ್ಪಿದರೆ ಅಜ್ಜನ ಬಹುಮಾನವನ್ನು ನಾನೇ, ಅಜ್ಜನ ಕಥೆಯನ್ನು ಕೆಡವಿದ ಪುಸ್ತಕಕ್ಕೆ, ಅಜ್ಜನ ಹೆಸರು ಹೇಳಿ ಕೊಡಬೇಕು.

ತಮ್ಮ ಬಸವರಾಜನಿಗೆ ಫೋನ್ ಮಾಡಿದೆ. ಮಂಡಿಯನ್ನು ಈಗ ನಡೆಸುವವನು ಅವನೇ. ಮಂಡಿ ಎನ್ನುವುದಕ್ಕಿಂತ ಖಾರದಪುಡಿಯ ಪೊಟ್ಟಣ ಎನ್ನಬೇಕು. ಪ್ರತಿ ಪೊಟ್ಟಣದ ಮೇಲೂ ರುಮಾಲು ಸುತ್ತಿದ ಅಜ್ಜನ ಚಿತ್ರ, ಕೆಳಗೆ ತಮಿಳಿನಲ್ಲೂ ಕನ್ನಡದಲ್ಲೂ 'ಊರೇ ಓಡಿದರೂ ಕದ ಮುಚ್ಚದ ಅಂಗಡಿ' ಎಂದು ಅಚ್ಚು. ಅರ್ಧ ಗಂಟೆಯಲ್ಲಿ ಅವನು ನನ್ನ ಮನೆಯಲ್ಲಿದ್ದ. ಆ ಪುಟವನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ.

"ಇದು ಅಜ್ಜಂದಲ್ಲ ಬಿಡಕ್ಕಾ. ಊರಾಗ ಎಷ್ಟು ಮಂದಿ ವೀರಭದ್ರಪ್ಪ ಇರಲಿಕ್ಕಿಲ್ಲ."

"ಜಾರ್ಜ್ ಟೌನಿನಾಗ ಮೆಣಸಿನಕಾಯಿ ಮಾರೂ ವೀರಭದ್ರಪ್ಪ ಎಷ್ಟು ಮಂದಿ ಇದ್ರು?"

"ಆಡಿನ ಟಿಕೇಟು ಕೇಳೂ ವೀರಭದ್ರಪ್ಪ ಒಬ್ಬನ," ಎಂದು ತಾನೇ ಒಪ್ಪಿಕೊಂಡು ಪುಸ್ತಕ ಮುಚ್ಚಿದ. "ನೀ ಈ ಪುಸ್ತಕಕ್ಕ ಸೈ ಅನಬ್ಯಾಡ. ಕಂಡಿಪ್ಪಾ, ಖಂಡಿತ ಯಾರರೆ ಓದತಾರ," ಎಂದ.

"ಬಹುಮಾನ ಬಂದ ಪುಸ್ತಕಾ ಯಾರು ಓದತಾರೋ? ಹದಿಮೂರು ವರ್ಷ ಕೊಟ್ಟೇವಿ, ನೀ ಒಂದರೆ ಓದೀಯೇನು?"

"ಓದೂದಿಲ್ಲಕ್ಕಾ, ಚಿತ್ರ ನೋಡತಾರ. ಚಿತ್ರದಾಗನ ಸೈನು ಐತಿ. ಒಬ್ಬ ಫೋಟೋ ತಗದು ವಾಟ್ಸಾಪಿನಾಗ ಹಾಕಿದ್ರ ಮುಗೀತು. ಪೊಟ್ಟಣದ ಮ್ಯಾಲ ಏನಂತ ಅಚ್ಚು ಹಾಕಿಸ್ಲಿ, ಎಲ್ಲಾರಕಿಂತ ಮೊದಲು ಓಡಿದ ಅಂಗಡಿ ಅಂತನಾ?"

ನನಗೆ ನಗು ಬಂತು. ಅವನಿಗೆ ಬರಲಿಲ್ಲ. ಅವನ ಮುಖ ನೋಡಿ ನಾನೂ ನಿಲ್ಲಿಸಿದೆ. ಅವನು ಹೇಳುವುದರಲ್ಲಿ ಹುರುಳಿತ್ತು. ಅಪ್ಪನಿಗೂ ಅವನಿಗೂ ಆ ಕಥೆಯೇ ಆಸ್ತಿ. ನನಗೆ? ನನ್ನ ನಾಲ್ಕೂಮುಕ್ಕಾಲು, ನನ್ನ ಆರರಿಂದ ಏಳು, ಆಸ್ಪತ್ರೆಯಲ್ಲಿ ನನ್ನ ಕಾಲಸಪ್ಪಳಕ್ಕೆ ಇಡೀ ವಾರ್ಡು ಹೊದಿಕೆಯ ಮೂಲೆ ಸರಿಮಾಡಿಕೊಳ್ಳುತ್ತಿದ್ದುದು, ಎಲ್ಲವೂ ಆ ಗಾದಿಯ ಮೇಲೆ ಕದಲದೆ ಕೂತ ಅಜ್ಜನನ್ನು ನೆಚ್ಚಿಕೊಂಡೇ ನಿಂತಿತ್ತು. ಈಗ ಗಾದಿ ಖಾಲಿ. ಅಜ್ಜ ಜೋಲಾರಪೇಟೆಯಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದಾನೆ.

ಮರುದಿನ ಓದುವುದನ್ನು ಬಿಟ್ಟು ಮೆಟ್ರೋ ಹತ್ತಿ ತಿರುವೊಟ್ಟಿಯೂರಿಗೆ ಹೋದೆ. ಅಲ್ಲಿ ನಮ್ಮ ಪಾರ್ವತಿ ಅತ್ತೆ ಮಗನ ಮನೆಯಲ್ಲಿದ್ದಾಳೆ. ಅಪ್ಪನ ತಂಗಿ, ತೊಂಬತ್ತು ದಾಟಿದವಳು. ನಲವತ್ತೆರಡರಲ್ಲಿ ಅವಳಿಗೆ ಎಂಟು ವರ್ಷ. ಕಿವಿ ಚೆನ್ನಾಗಿದೆ, ಕಣ್ಣು ಮಂದ. ಆದ್ದರಿಂದ ಪತ್ರವನ್ನು ನಾನೇ ಓದಿ ಹೇಳಿದೆ. ಮೂರನೆಯ ಅಂಶಕ್ಕೆ ಬಂದಾಗ ಅವಳು ಕೈ ಎತ್ತಿ ನಿಲ್ಲಿಸಿದಳು.

"ಆ ಆಡು ನಾ ಉಟ್ಟಿದ್ದ ಪರಕಾರದ ಅಂಚು ತಿಂದಿತ್ತು. ಅದನ್ನ ಬರದಿಲ್ಲೇನು?"

ನಾನು ಪುಸ್ತಕ ಕೆಳಗಿಟ್ಟೆ. "ಅಂದ್ರ ನೀನೂ ಆ ರೈಲಿನಾಗಿದ್ದಿ?"

"ಮತ್ತ? ನನ್ನ ಮನ್ಯಾಗ ಬಿಟ್ಟು ಹೋಗ್ತಾರೇನು? ನಿಮ್ಮಪ್ಪನೂ ಇದ್ದ. ಕಿಟಕಿ ತನಗ ಬೇಕಂತ ಹಟ ಹಿಡದಿದ್ದ."

"ಇಷ್ಟು ವರ್ಷ ನೀ ಯಾಕ ಹೇಳಲಿಲ್ಲತ್ತಿ?"

"ಯಾರ ಕೇಳ್ಯಾರ?" ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀವೆಲ್ಲಾ ಹೇಳಾಕ ಬರ್ತಿದ್ರಿ. ಕೇಳಾಕ ಈಗ ಬಂದೀ ನೀ, ಮದಲನೇ ಸಲ."

ಹದಿನಾಲ್ಕು ವರ್ಷ ಸಾಕ್ಷಿ ಎಲ್ಲಿ, ಆಧಾರ ಎಲ್ಲಿ ಎಂದು ಎಲ್ಲ ಲೇಖಕರನ್ನೂ ಜಾಲಾಡಿದವಳು ನಾನು. ಕಣ್ಣಾರೆ ಕಂಡ ಸಾಕ್ಷಿ ತಿರುವೊಟ್ಟಿಯೂರಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿತ್ತು. ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಬಂದು ನಮಸ್ಕಾರ ಮಾಡಿ, ಇವಳ ಅಪ್ಪನ ಧೈರ್ಯದ ಕಥೆಯನ್ನು ಇವಳಿಗೇ ಹೇಳಿ ಹೋಗುತ್ತಿದ್ದೆ.

ಅವಳು ಉಳಿದದ್ದನ್ನೂ ಹೇಳಿದಳು. ಮೂರು ತಿಂಗಳು ಬ್ಯಾಡಗಿಯಲ್ಲಿದ್ದು ವಾಪಸು ಬಂದರು. ಶಾಲೆ ತೆರೆದಾಗ ಹುಡುಗರೆಲ್ಲ, ನೀ ಓಡಿಹೋದ್ಯಾ, ನೀ ಓಡಿಹೋದ್ಯಾ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರಂತೆ. ಆಗ ಹದಿನಾಲ್ಕು ವರ್ಷದ ನಮ್ಮಪ್ಪ, 'ಇಲ್ಲ, ನಮ್ಮಪ್ಪ ಅಂಗಡಿ ಮುಚ್ಚಲೇ ಇಲ್ಲ' ಎಂದುಬಿಟ್ಟ. ಅಂದು ತಪ್ಪಿಸಿಕೊಳ್ಳಲು ಆಡಿದ ಮಾತು ಆಮೇಲೆ ಅವನ ಜೊತೆಗೇ ಬೆಳೆಯಿತು, ಮೀಸೆ ಬಂತು, ಮದುವೆಯಾಯಿತು, ಕಡೆಗೆ ಬಹುಮಾನವಾಯಿತು.

"ಅಜ್ಜ ಬೈಲಿಲ್ಲೇನು?"

"ಬೈದಿದ್ದ ಮದಲಿಗೆ. ಆಮ್ಯಾಲ ಅಂವಗೂ ಕೇಳಿ ಕೇಳಿ ರೂಢಿ ಆತು. ದಿನಾ ಅದ ಹೊತ್ತಿಗೆ ಹೇಳಿದ್ರ ಸುಳ್ಳೂ ಒಂದು ಶಿಸ್ತ ನೋಡು."

ನಾನು ಕೇಳಬಾರದೆಂದುಕೊಂಡಿದ್ದ ಪ್ರಶ್ನೆಯನ್ನೂ ಕೇಳಿದೆ. ಯಾಕೆ ಓಡಿದ? ಅಜ್ಜಿ ಬಸುರಿಯಾಗಿದ್ದಳೇ, ಯಾರಿಗಾದರೂ ಹುಷಾರಿರಲಿಲ್ಲವೇ, ಬ್ಯಾಡಗಿಯಲ್ಲಿ ಏನಾದರೂ ತುರ್ತು ಕೆಲಸವೇ? ನಾನು ಒಂದೊಂದೇ ಒಳ್ಳೆಯ ಕಾರಣವನ್ನು ಮುಂದಿಡುತ್ತಾ ಹೋದೆ, ಅತ್ತೆ ಒಂದೊಂದನ್ನೂ ತಲೆ ಅಲ್ಲಾಡಿಸಿ ಹಿಂದಕ್ಕೆ ಕಳಿಸಿದಳು.

"ಹೆದರಿದ್ದ, ಗಿರಿಜಾ. ಮತ್ತ್ಯಾಕ ಓಡತಾರ ಮಂದಿ? ಇಡೀ ದಾರಿ ನನ್ನ ಕೈ ಎಷ್ಟು ಗಟ್ಟಿ ಹಿಡದಿದ್ದ ಅಂದ್ರ ಎರಡು ಬಳಿ ಒಡದ್ವು. ಇನ್ನೊಂದು ಕೈ ನಡಗತಿತ್ತು. ನಡಗೂದು ಕಾಣಬಾರ್ದು ಅಂತ ಗಡಿಯಾರ ತಗೀತಿದ್ದ, ನೋಡತಿದ್ದ, ಒಳಗ ಇಡತಿದ್ದ. ಮತ್ತ ತಗೀತಿದ್ದ."

ಆ ಪತ್ರ ನನಗೆ ಆಗ ಅರ್ಥವಾಯಿತು. ಆಸ್ಪತ್ರೆಯಲ್ಲಿ ಇದನ್ನು ನಾನು ಸಾವಿರ ಸಲ ನೋಡಿದ್ದೇನೆ. ದೊಡ್ಡ ಆಪರೇಷನ್ನಿಗೆ ಕರೆದೊಯ್ಯುವ ಹಿಂದಿನ ದಿನ ಕೆಲವರು ಅಳುತ್ತಾರೆ, ಕೆಲವರು ದೇವರ ಹೆಸರು ಹೇಳುತ್ತಾರೆ. ಎಲ್ಲರಿಗಿಂತ ಹೆಚ್ಚು ಹೆದರಿದವರು ಮಾತ್ರ ಕಾಫಿ ಆರಿದೆ ಎಂದು ಜಗಳ ತೆಗೆಯುತ್ತಾರೆ. ಫ್ಯಾನು ಸದ್ದು ಮಾಡುತ್ತದೆ, ದಿಂಬು ಗಟ್ಟಿಯಾಯಿತು, ಡಾಕ್ಟರು ಹತ್ತಕ್ಕೆ ಬರುತ್ತೇನೆಂದು ಹತ್ತೂಹತ್ತಕ್ಕೆ ಬಂದರು. ಹೊಸ ನರ್ಸುಗಳು ಸಿಡಿಮಿಡಿಗೊಳ್ಳುತ್ತಿದ್ದರು. ನಾನು ಅವರಿಗೆ, ಜಗಳ ಬಿಡಿ, ಹೋಗಿ ಬಿಸಿ ಕಾಫಿ ಕೊಟ್ಟು ಒಂದು ನಿಮಿಷ ಪಕ್ಕದಲ್ಲಿ ನಿಲ್ಲಿ ಎನ್ನುತ್ತಿದ್ದೆ. ಇಷ್ಟೆಲ್ಲ ತಿಳಿದವಳಿಗೆ ನನ್ನ ಅಜ್ಜನ ಪತ್ರವನ್ನು ಓದಲು ಬಂದಿರಲಿಲ್ಲ. ಜೋಲಾರಪೇಟೆಯ ಗಡಿಯಾರ ಏಳು ನಿಮಿಷ ಹಿಂದಿತ್ತು ಎಂದರೆ, ನನ್ನ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೋ ನನಗೇ ಗೊತ್ತಿಲ್ಲ ಎಂದರ್ಥ. ಐವತ್ತು ನಿಮಿಷ ತಡ ಎಂದರೆ ಐವತ್ತು ನಿಮಿಷವೂ ಅವನು ಆಕಾಶ ನೋಡುತ್ತಾ ಕೂತಿದ್ದ ಎಂದರ್ಥ.

ನನ್ನ ನಾಲ್ಕೂಮುಕ್ಕಾಲು ಯಾವ ಹೆದರಿಕೆಯ ಕಾಫಿಯೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಪ್ರತಿಯೊಂದಕ್ಕೂ ಒಂದು ಹೊತ್ತಿದೆ.

ಅತ್ತೆಯ ಮನೆಯಲ್ಲೇ ಚೀಲದಿಂದ ತೀರ್ಪಿನ ಹಾಳೆ ತೆಗೆದು ನನ್ನ ಹೆಸರಿನ ಮುಂದೆ ರುಜು ಹಾಕಿದೆ. ಇಲ್ಲದಿದ್ದರೆ ನಿದ್ದೆ ಮಾಡಿ ಎದ್ದಮೇಲೆ ಬಸವರಾಜ ಹೇಳಿದ್ದೇ ಸರಿ ಎನ್ನಿಸಬಹುದಿತ್ತು. ಅತ್ತೆ ತಾನೇ ಅವನಿಗೆ ಫೋನ್ ಮಾಡಿಸಿದಳು.

"ಬಸೂ, ನಿನ್ನ ಪುಡಿ ಖಾರ ಐತಿಲ್ಲೋ?"

ಆ ಕಡೆಯಿಂದ ಅವನು ಏನೋ ಹೇಳಿದ.

"ಹಂಗಾದ್ರ ಮುಗೀತು. ಖಾರ ಇದ್ರ ನಮ್ಮಪ್ಪ ಕುಂತ್ರೇನು, ಓಡಿದ್ರೇನು? ಮಂದಿ ಸಾರಿಗೆ ಪುಡಿ ಹಾಕತಾರ, ಅಪ್ಪನ್ನ ಹಾಕತಾರೇನು?"

ಅವನು ಮತ್ತೆ ಬಹಳ ಹೊತ್ತು ಮಾತಾಡಿದ. ಅತ್ತೆ ಒಡೆದ ಬಳೆಗಳ ಸಂಗತಿಯನ್ನು ಅವನಿಗೂ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟು, "ಅಳತಾನ ಅಂವ, ನೀ ಮಾತಾಡು," ಎಂದಳು. ಅವನು ಅಳುತ್ತಿರಲಿಲ್ಲ. ಆದರೆ ದನಿ ಸಣ್ಣದಾಗಿತ್ತು. "ಅಕ್ಕಾ, ಅಷ್ಟು ಹೆದರಿದ್ನಂತೇನ ಅಜ್ಜ?" ಎಂದು ಕೇಳಿದ. ಹೌದು ಎಂದೆ. ಸರಿ, ಸಭಾದಾಗ ಓದು ಹಂಗಾದ್ರ ಎಂದು ಫೋನ್ ಇಟ್ಟ.

ಸಮಾರಂಭ ವಡಪಳನಿಯ ಒಂದು ಸಣ್ಣ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಹತ್ತೂಕಾಲಿಗೆ ನಾನು, ಮೂರ್ತಿಯವರು, ಮೈಕಿನವನು ಇದ್ದೆವು. ಮೂರ್ತಿಯವರು ಸಣಕಲು ಮನುಷ್ಯ, ಇಸ್ತ್ರಿಯ ಗೆರೆ ಎದ್ದು ಕಾಣುವ ಬಿಳಿ ಅಂಗಿ. ಆ ಪತ್ರ ಬರೆದವನು ಯಾರೆಂದು ಅವರಿಗೆ ಮುಂಚೆಯೇ ತಿಳಿಸುವುದು ನ್ಯಾಯವೆಂದು ತಿಳಿಸಿದೆ. ಅವರು ಕುರ್ಚಿಯಿಂದ ಎದ್ದುಬಿಟ್ಟರು.

"ಅಯ್ಯೋ ಮೇಡಂ, ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಈ ಪ್ರೈಜು ಅವ್ರ ಹೆಸ್ರಲ್ಲೇ ಇದೆ ಅಂತ ತಲೆಗೇ ಹೊಳೀಲಿಲ್ಲ ನೋಡಿ. ನಾನು ಬೇಕಾದ್ರೆ ವಾಪಸ್ ತಗೋತೀನಿ."

"ಏನನ್ನು ವಾಪಸು ತಗೊಳ್ತೀರಿ, ರೈಲನ್ನೇ?"

"ಅಲ್ಲ, ಪುಸ್ತಕಾನ."

"ಸುಮ್ಮನೆ ಕೂತ್ಕೊಳ್ಳಿ," ಎಂದೆ. ಹಳೆಯ ಅಭ್ಯಾಸದ ದನಿಯಲ್ಲಿ ಹೇಳಿರಬೇಕು. ಅವರು ತಕ್ಷಣ ಕೂತು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು.

ಜನ ಹತ್ತೂಮುಕ್ಕಾಲರ ಹೊತ್ತಿಗೆ ಸೇರಿದರು. ಅರವತ್ತು ಮಂದಿ ಇದ್ದಿರಬಹುದು, ಬಹುಪಾಲು ನನ್ನ ವಯಸ್ಸಿನವರು. ಬಸವರಾಜ ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕ ಕೂತ, ಬೇಕಾದರೆ ಎದ್ದು ಹೋಗುವಂತೆ. ನಾನು ಬಿನ್ನವತ್ತಳೆ ತೆಗೆದುಕೊಂಡು ನಿಂತೆ. ಹಳೆಯ ಮೊದಲ ವಾಕ್ಯವನ್ನು ತೆಗೆದುಹಾಕಿ ಹೊಸದನ್ನು ನಾನೇ ಬರೆದಿದ್ದೆ. ಊರಿನ ಉಳಿದವರಿಗಿಂತ ಸ್ವಲ್ಪ ಮುಂಚೆಯೇ ಹೆದರಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿ, ಆ ರೈಲಿನ ಬಗ್ಗೆ ಒಂದೂ ಸುಳ್ಳಿಲ್ಲದ ನ್ಯಾಯವಾದ ದೂರು ಬರೆದ ವೀರಭದ್ರಪ್ಪನವರ ನೆನಪಿನಲ್ಲಿ ಈ ಬಹುಮಾನ. ಆಮೇಲೆ ಪತ್ರದ ನಾಲ್ಕೂ ಅಂಶಗಳನ್ನು ಓದಿದೆ. ಅದಕ್ಕೆ ಐದನೆಯದಾಗಿ ಪಾರ್ವತಿ ಅತ್ತೆಯ ಪರಕಾರದ ಅಂಚನ್ನೂ ಸೇರಿಸಿದೆ, ದಾಖಲೆ ಪೂರ್ತಿಯಾಗಿರಲಿ ಎಂದು.

ಮುಂದಿನ ಸಾಲಿನವರೊಬ್ಬರು ಕನ್ನಡಕ ತೆಗೆದು ಒರೆಸತೊಡಗಿದರು, ಮತ್ತೆ ಹಾಕಿಕೊಳ್ಳಲಿಲ್ಲ. ನನ್ನ ಬೆನ್ನು ನೆಟ್ಟಗೇ ಇತ್ತು, ಆದರೆ ಈ ಸಲ ನಾನೇ ಅದನ್ನು ಹಿಡಿದು ನಿಲ್ಲಿಸಬೇಕಾಗಿತ್ತು. ಮೂರ್ತಿಯವರು ಬಹುಮಾನ ತೆಗೆದುಕೊಂಡು ಎರಡೇ ಮಾತಾಡಿ ಕೂತರು. ಅಷ್ಟು ಚಿಕ್ಕ ಭಾಷಣ ನಮ್ಮ ಬಳಗದಲ್ಲಿ ಅದೇ ಮೊದಲಿರಬೇಕು.

ಕಾಫಿಯ ಹೊತ್ತಿಗೆ ಜನ ನನ್ನನ್ನು ತಪ್ಪಿಸಿ ಓಡಾಡುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ಒರೆಸುತ್ತಿದ್ದವರು ಲೋಟ ಹಿಡಿದು ನೇರ ನನ್ನ ಹತ್ತಿರ ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಅವರ ತಾತ ಕೂಡ ಊರು ಬಿಡದೆ ನಿಂತ ಕಥೆಯನ್ನು ಅವರ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೆ.

"ನಿಮ್ಮ ಅಜ್ಜನವರು ಯಾವ ತಾರೀಖಿಗೆ ಹೋದ್ರು ಅಂದ್ರಿ?"

ಹೇಳಿದೆ.

"ನಮ್ಮೋರು ಅದಕ್ಕಿಂತ ವಾರ ಮುಂಚೇನೇ ಹೋಗಿದ್ರು," ಎಂದರು ತಗ್ಗಿದ ದನಿಯಲ್ಲಿ. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಒಂದು ವಾರ," ಎಂದರು.

ಪಕ್ಕದಲ್ಲಿದ್ದ ಹೆಂಗಸು ತಿರುಗಿದರು. "ವಾರವೇ? ನಮ್ಮಜ್ಜಿ ಕಡೆಯವರು ರೈಲು ಕಾಯಲೇ ಇಲ್ಲಪ್ಪ. ಎತ್ತಿನ ಗಾಡಿ ಕಟ್ಟಿಸಿಕೊಂಡು ತಿರುವಳ್ಳೂರಿಗೆ ಹೋಗಿಬಿಟ್ಟರು. ರುಬ್ಬೋ ಕಲ್ಲೂ ಜೊತೆಗೆ."

"ಗಾಡಿ ಏನು ಮಹಾ, ನಮ್ಮ ದೊಡ್ಡಪ್ಪ ಸೈಕಲ್ಲಿನಾಗ ಹೋಗ್ಯಾರ, ಅರಕ್ಕೋಣದ ತನಕ. ಕಚೇರಿಗೆ ರಜಾ ಚೀಟಿನೂ ಕೊಟ್ಟಿರಲಿಲ್ಲ."

ಐದು ನಿಮಿಷದಲ್ಲಿ ಕಾಫಿಯ ಮೇಜಿನ ಸುತ್ತ ಗುಂಪು ಕಟ್ಟಿತು. ಎಂಬತ್ತು ವರ್ಷ ಯಾರು ನಿಂತರು ಎಂದು ಪೈಪೋಟಿ ಮಾಡಿದವರ ಮಕ್ಕಳು ಮೊಮ್ಮಕ್ಕಳು ಈಗ ಯಾರು ಮೊದಲು ಓಡಿದರು ಎಂದು ಪೈಪೋಟಿಗೆ ಬಿದ್ದಿದ್ದರು. ಒಬ್ಬರಿಗಿಂತ ಒಬ್ಬರ ತಾತ ಬೇಗ ಹೆದರಿದ್ದ. ನಮ್ಮ ಅಜ್ಜನ ಸ್ಥಾನ ನೋಡುತ್ತಿದ್ದಂತೆ ಏಳನೆಯದಕ್ಕೆ ಇಳಿಯಿತು. ಬಸವರಾಜ ಬಾಗಿಲು ಬಿಟ್ಟು ಗುಂಪಿನ ನಡುವೆ ಬಂದಿದ್ದ. "ಅದು ಬರೇ ಬಾಯಿಮಾತು ಸಾರ್, ನಮ್ಮದಕ್ಕ ಸೈನು ಐತಿ," ಎಂದು ಯಾರೊಂದಿಗೋ ವಾದಿಸುತ್ತಿದ್ದ. ಮೂರ್ತಿಯವರು ಜೇಬಿನಿಂದ ಪೆನ್ನು ತೆಗೆದು ಕಾಗದಕ್ಕಾಗಿ ತಡಕಾಡುತ್ತಿದ್ದರು. ಎಲ್ಲರೂ ಒಟ್ಟಿಗೆ ಮಾತಾಡಿದರೆ ಅವರು ಬರೆದುಕೊಳ್ಳುವುದು ಹೇಗೆ? ನಾನು ಜನರನ್ನು ಗೋಡೆಯ ಪಕ್ಕ ಸಾಲಾಗಿ ನಿಲ್ಲಿಸಿದೆ, ವಯಸ್ಸಾದವರಿಗೆ ಕುರ್ಚಿ ಹಾಕಿಸಿದೆ, ಒಬ್ಬೊಬ್ಬರಿಗೆ ಮೂರು ನಿಮಿಷ ಎಂದೆ.

ಸಾಲಿನ ಕೊನೆಯಲ್ಲಿ ಒಬ್ಬ ಮುದುಕರು ಸಂಕೋಚದಿಂದ ನಿಂತಿದ್ದರು. ಅವರ ಸರದಿ ಬಂದಾಗ ಮೂರ್ತಿಯವರು, "ನಿಮ್ಮೋರು ಯಾವತ್ತು ಹೋದ್ರು ಸಾರ್?" ಎಂದು ಕೇಳಿದರು.

"ನಮ್ಮಪ್ಪ ಹೋಗ್ಲಿಲ್ಲ," ಎಂದರು ಅವರು. "ಇಲ್ಲೇ ಇದ್ರು. ಇಡೀ ಬೇಸಿಗೆ, ಒಬ್ರೇ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಂಥ ಮಾತು ಇನ್ನೂ ಆಡುವವರಿದ್ದಾರೆಯೇ ಎಂಬಂತಿತ್ತು ಆ ನೋಟ. ಬ್ಯಾಂಕಿನವರು ಕೆಮ್ಮಿದರು. ಯಾಕೆ ಹೋಗಲಿಲ್ಲ ಎಂದು ನಾನು ಆದಷ್ಟು ಮೆತ್ತಗೆ ಕೇಳಿದೆ.

"ರೈಲು ತಪ್ಪೋಯ್ತಮ್ಮ," ಎಂದರು ತಲೆ ತಗ್ಗಿಸಿ. "ಐವತ್ತು ನಿಮಿಷ ಲೇಟಾಗಿ ಹೊರಟಿತ್ತಂತಲ್ಲ, ಅದೇ ರೈಲಿರಬೇಕು. ಇವರು ಒಂದು ಗಂಟೆ ಲೇಟಾಗಿ ಹೋದ್ರು. ಆಮೇಲಿನ ರೈಲುಗಳಲ್ಲಿ ಜಾಗಾನೇ ಸಿಗಲಿಲ್ಲ."

ಮೂರ್ತಿಯವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಇದನ್ನು ಎಲ್ಲಿ ಹಾಕಲಿ ಮೇಡಂ ಎಂದರು. ಎಲ್ಲಕ್ಕಿಂತ ಮೇಲೆ ಹಾಕಿ ಎಂದೆ. ಯುದ್ಧಕಾಲದಲ್ಲಿ ಮದರಾಸನ್ನು ಬಿಡದೆ ಕಾದವರು ಯಾರು ಎಂಬ ಪ್ರಶ್ನೆಗೆ ಹದಿನಾಲ್ಕು ವರ್ಷಗಳಲ್ಲಿ ನಾನು ಕೇಳಿದ ಮೊದಲ ನಂಬಬಹುದಾದ ಉತ್ತರ ಅದು.